ಬಣ್ಣ ಎಷ್ಟು ದಾಟಿತು ಎಂಬ ಲೆಕ್ಕ

ನೀರಿನಲ್ಲಿ ಕರಗಿದ ಬಣ್ಣವನ್ನು, ನೀರಿನೊಡನೆ ಬೆರೆಯದ ಇನ್ನೊಂದು ದ್ರಾವಕಕ್ಕೆ ಎಳೆದುಕೊಂಡು, ಎಷ್ಟು ಬಂದಿತೆಂಬುದನ್ನು ಬೆಳಕಿನ ಹೀರುವಿಕೆಯಿಂದ ಅಳೆಯುವ ಪ್ರಯೋಗದಲ್ಲಿ ಬಳಸುವ ಸೂತ್ರಗಳು ಎರಡೇ. ಬಿಯರ್-ಲ್ಯಾಂಬರ್ಟ್ ನಿಯಮದ ಪ್ರಕಾರ ಹೀರುವಿಕೆಯು ಮೋಲಾರ್ ಹೀರುವಿಕೆ ಗುಣಾಂಕ (ಬಣ್ಣವು ಬೆಳಕನ್ನು ಎಷ್ಟು ಬಲವಾಗಿ ಹೀರುತ್ತದೆ ಎಂಬ ಅಳತೆ), ಸಾರತೆ ಮತ್ತು ಬೆಳಕು ಸಾಗುವ ದೂರ ಇವುಗಳ ಗುಣಲಬ್ಧ. ವಿತರಣಾ ಗುಣಾಂಕವೆಂದರೆ ದ್ರಾವಕದಲ್ಲಿನ ಸಾರತೆಯನ್ನು ನೀರಿನಲ್ಲಿ ಉಳಿದ ಸಾರತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಎರಡೂ ಸುಲಭವೇ, ತೊಡಕಿರುವುದು ಒಂದರ ಉತ್ತರವನ್ನು ಇನ್ನೊಂದಕ್ಕೆ ಒಯ್ಯುವಲ್ಲಿ.

100 ಮಿ.ಲೀ. ನೀರಿನಲ್ಲಿ ಒಟ್ಟು 3.6 ಮೈಕ್ರೋಮೋಲ್ ಬಣ್ಣವಿದೆ ಎಂದಿಟ್ಟುಕೊಳ್ಳೋಣ. ಇದಕ್ಕೆ 25 ಮಿ.ಲೀ. ದ್ರಾವಕ ಸೇರಿಸಿ ಕುಲುಕಿ, ಪದರಗಳು ಬೇರೆಯಾದ ಮೇಲೆ ದ್ರಾವಕದ ಪದರವನ್ನು ಅದೇ ದ್ರಾವಕದಿಂದ 20 ಪಟ್ಟು ತೆಳುಗೊಳಿಸಿ, 1 ಸೆಂ.ಮೀ. ಅಗಲದ ಪಾರದರ್ಶಕ ಪಾತ್ರೆಯಲ್ಲಿ (ಕ್ಯುವೆಟ್) ಅಳೆದರೆ ಹೀರುವಿಕೆ 0.32 ಬರುತ್ತದೆ. ತೆಳುಗೊಳಿಸದೆ ಅಳೆಯುವಂತಿಲ್ಲ, ಏಕೆಂದರೆ ಆಗ ಹೀರುವಿಕೆ 6.4 ಆಗಿ, ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಆಚೆ ದಾಟುವುದಿಲ್ಲ. ಉಪಕರಣ ತೋರಿಸುವುದು ಅಡ್ಡದಾರಿಯಿಂದ ನುಸುಳಿದ ಬೆಳಕನ್ನಷ್ಟೇ.

ಆ ದ್ರಾವಕದಲ್ಲಿ ಬಣ್ಣದ ಮೋಲಾರ್ ಗುಣಾಂಕ 80,000 ಎಂದಾದರೆ, ತೆಳುಗೊಳಿಸಿದ ದ್ರಾವಣದ ಸಾರತೆ 4 ಮೈಕ್ರೋಮೋಲಾರ್ (ಲೀಟರಿಗೆ 4 ಮೈಕ್ರೋಮೋಲ್), ಮೂಲ ಪದರದ್ದು 80. ಅಂದರೆ ದ್ರಾವಕಕ್ಕೆ 2.0 ಮೈಕ್ರೋಮೋಲ್ ಬಂದು, ನೀರಿನಲ್ಲಿ 1.6 ಉಳಿದಿದೆ; 100 ಮಿ.ಲೀ.ನಲ್ಲಿ ಅದರ ಸಾರತೆ 16 ಮೈಕ್ರೋಮೋಲಾರ್. ವಿತರಣಾ ಗುಣಾಂಕ 80 ಭಾಗಿಸು 16, ಅಂದರೆ 5.

ಈಗ ನೀರಿನಲ್ಲಿ ಅಳೆದ ಮೋಲಾರ್ ಗುಣಾಂಕ 70,000 ಆಗಿದ್ದು, ಅದನ್ನೇ ದ್ರಾವಕಕ್ಕೂ ಬಳಸಿಬಿಟ್ಟರೆ ಏನಾಗುತ್ತದೆ ನೋಡಿ. ದ್ರಾವಕದ ಸಾರತೆ ಸುಮಾರು 91 ಎಂದು ಬರುತ್ತದೆ; ಶೇಕಡಾ 14ರ ವ್ಯತ್ಯಾಸ, ಅಷ್ಟೇನೂ ದೊಡ್ಡದಲ್ಲ. ಆದರೆ ನೀರಿನಲ್ಲಿ ಉಳಿದದ್ದನ್ನು ಕಳೆಯುವ ಲೆಕ್ಕದಿಂದ ಪಡೆಯುವುದರಿಂದ, ಭಾಗಾಕಾರದ ಮೇಲಿನ ಸಂಖ್ಯೆ ಹೆಚ್ಚಾದಷ್ಟೂ ಕೆಳಗಿನದು ಕಡಿಮೆಯಾಗಿ, ವಿತರಣಾ ಗುಣಾಂಕ 5ರ ಬದಲು 7ರ ಹತ್ತಿರಕ್ಕೆ ಹೋಗುತ್ತದೆ. ದ್ರಾವಕ ಬದಲಾದರೆ ಬಣ್ಣದ ಹೀರುವಿಕೆಯ ಶಿಖರವೂ ಸರಿಯಬಹುದು, ಅದರ ಎತ್ತರವೂ ಬದಲಾಗಬಹುದು. ಮೀಥಿಲೀನ್ ಬ್ಲೂ ಬಣ್ಣದ ಅಣುಗಳು ನೀರಿನಲ್ಲಿಯೇ ಸಾರತೆ ಏರಿದಂತೆ ಜೋಡಿಗೂಡಿ, 664 ನ್ಯಾನೋಮೀಟರ್‌ನ ಶಿಖರವನ್ನು ಕುಗ್ಗಿಸುತ್ತವೆ.

ಹೀಗಾಗಿ ಎರಡು ಪದರಗಳನ್ನೂ ಬೇರೆಬೇರೆಯಾಗಿ, ಆಯಾ ದ್ರಾವಕದಲ್ಲೇ ತಯಾರಿಸಿದ ಮಾನಕ ರೇಖೆಯಿಂದ (ಗೊತ್ತಿರುವ ಸಾರತೆಗಳ ಹೀರುವಿಕೆಯನ್ನು ಅಳೆದು ಎಳೆದ ರೇಖೆ) ಅಳೆಯುವುದೇ ಸರಿಯೆಂದು ನನ್ನ ಅಭಿಪ್ರಾಯ. 2.0 ಮತ್ತು 1.6 ಕೂಡಿದಾಗ 3.6 ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದು ಅಲ್ಲಿಯೇ ಗೊತ್ತಾಗುತ್ತದೆ.

ಈ ಶ್ರಮ ದಂಡವಲ್ಲ. 25 ಮಿ.ಲೀ.ನಂತೆ ನಾಲ್ಕು ಬಾರಿ ಎಳೆದರೆ, 7ರ ಲೆಕ್ಕದಲ್ಲಿ ನೀರಿನಲ್ಲಿ ಉಳಿಯಬೇಕಾದದ್ದು ಶೇಕಡಾ 1.7 ಮಾತ್ರ, ನಿಜವಾದ 5ರ ಪ್ರಕಾರ ಉಳಿಯುವುದು ಶೇಕಡಾ 3.9.