"ಸರ್, ಯಾರು ಹೋಗಿದ್ದು ಜಾಸ್ತಿ ನಷ್ಟ?"

ವಿರಾಜಪೇಟೆಯಲ್ಲಿ ನಾನು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಹದಿನೇಳು ವರ್ಷ ಆಯ್ತು. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಸಾಮಾನ್ಯವಾಗಿ ಮಳೆಗಾಲದಲ್ಲಿ. ಕರೆಂಟ್ ಹೋಗಿರುತ್ತದೆ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಗಿಟಾರ್ ಕೇಳಿಸುವುದಿಲ್ಲ, ಎಲ್ಲರೂ ಸುಮ್ನೆ ಮಾತಾಡುತ್ತಾ ಕೂತಿರುತ್ತೇವೆ. ಆಗ ಬರುತ್ತದೆ: "ಸರ್, ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ರಲ್ಲ, ಅವರಲ್ಲಿ ಯಾರು ಹೋಗಿದ್ದು ಸಂಗೀತಕ್ಕೆ ಜಾಸ್ತಿ ನಷ್ಟ?"

ನಾನು ಅಮೆರಿಕದ ರಾಕ್ ಗಿಟಾರಿಸ್ಟ್‌ಗಳಾದ ಜಿಮಿ ಹೆಂಡ್ರಿಕ್ಸ್ ಅಂತಲೋ ಕರ್ಟ್ ಕೊಬೇನ್ ಅಂತಲೋ ಹೇಳುತ್ತೇನೆ ಎಂದು ಕಾಯುತ್ತಾರೆ. ಅವರ ಟೀ ಶರ್ಟ್ ಮೇಲೆ ಇರುವುದು ಆ ಮುಖಗಳೇ. ನಾನು ಹೇಳುವ ಹೆಸರು ಓಟಿಸ್ ರೆಡ್ಡಿಂಗ್. ಹೆಚ್ಚಿನವರು ಆ ಹೆಸರನ್ನೇ ಕೇಳಿರುವುದಿಲ್ಲ.

ಅದಕ್ಕೂ ಮುಂಚೆ ಹುಡುಗರು ಯಾವಾಗಲೂ ಎತ್ತುವ 27ರ ಮಾತು ಮುಗಿಸಿಬಿಡುತ್ತೇನೆ. ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಕೊಬೇನ್, ಏಮಿ ವೈನ್‌ಹೌಸ್, ಎಲ್ಲರೂ ಹೋಗಿದ್ದು 27ನೇ ವಯಸ್ಸಿನಲ್ಲಿ. ಹುಡುಗರಿಗೆ ಇದರಲ್ಲಿ ಏನೋ ಮಾಯೆ ಕಾಣುತ್ತದೆ. ಬ್ರಿಟನ್ನಿನಲ್ಲಿ 1956ರಿಂದ 2007ರವರೆಗೆ ನಂಬರ್ ಒನ್ ಆಲ್ಬಮ್ ಕೊಟ್ಟ 1,046 ಸಂಗೀತಗಾರರ ಲೆಕ್ಕ ಹಾಕಿ ನೋಡಿದ್ದಾರೆ. 27ಕ್ಕೆ ಯಾವ ವಿಶೇಷವೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ಇಪ್ಪತ್ತು, ಮೂವತ್ತರ ಹರೆಯದಲ್ಲಿ ಇವರು ಸಾಯುವುದು ಉಳಿದ ಜನರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಭಯಪಡಬೇಕಾದ್ದು ಇದಕ್ಕೆ. "ಬೇಗ ಹೋದ್ರೇ ದೊಡ್ಡ ಹೆಸರು" ಎಂಬ ಮಾತನ್ನು ಹದಿನಾರರ ಹುಡುಗರು ಆಡಿದರೆ ನನಗೆ ಸಂಕಟವಾಗುತ್ತದೆ. ಏಮಿ ವೈನ್‌ಹೌಸ್ 2006ರಲ್ಲಿ ಎರಡನೇ ಆಲ್ಬಮ್ ತಂದಳು. 2011ರಲ್ಲಿ ಸಾಯುವವರೆಗೆ ಮೂರನೆಯದು ಬರಲೇ ಇಲ್ಲ. ಕುಡಿತ ಅವಳ ಜೀವ ತೆಗೆಯುವ ಮೊದಲೇ ಐದು ವರ್ಷದ ಹಾಡುಗಳನ್ನು ತಿಂದುಹಾಕಿತ್ತು. ಇದರಲ್ಲಿ ಚಂದ ಏನಿದೆ?

ಈಗ ಓಟಿಸ್ ವಿಷಯ. ನನಗೆ ಅವನು ಸಿಕ್ಕಿದ್ದು ದೊಡ್ಡಪ್ಪನಿಂದ. ಮಿಲಿಟರಿಯಿಂದ ರಿಟೈರ್ ಆಗಿ ಬರುವಾಗ ಅವರು ಒಂದು ಟೇಪ್ ರೆಕಾರ್ಡರ್, ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ ತಂದಿದ್ದರು. ಕೊಡಗಿನಲ್ಲಿ ಇಂಗ್ಲಿಷ್ ಹಾಡು ಎಷ್ಟೋ ಮನೆಗೆ ಬಂದಿದ್ದು ಹೀಗೇ. ಕಾಫಿ ಒಣಗಿಸುವ ಕಣದ ಪಕ್ಕ ಕೂತು ನಾನು ಅವನ ದನಿ ಮೊದಲು ಕೇಳಿದೆ. ಎದೆ ಬಿರಿಯುವ ಹಾಗೆ ಕೂಗಿ ಹಾಡುತ್ತಿದ್ದ. ಅಮೆರಿಕದ ಜಾರ್ಜಿಯಾದ ಹುಡುಗ. 'ಸೋಲ್' ಸಂಗೀತ ಅವನದು, ಚರ್ಚಿನ ಹಾಡುಗಳಿಂದ ಬೆಳೆದು ಬಂದ ಅಲ್ಲಿನ ಕಪ್ಪು ಜನರ ಸಂಗೀತ.

1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಪಾಪ್ ಉತ್ಸವದಲ್ಲಿ ಹಾಡಿದ. ಮುಂದಿದ್ದವರು ಹೆಚ್ಚಾಗಿ ಬಿಳಿಯ ಹುಡುಗ ಹುಡುಗಿಯರು. ಅವನನ್ನು ಎತ್ತಿ ಮೆರೆಸಿದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಸಾಸಲಿಟೊದಲ್ಲಿ ಒಂದು ದೋಣಿಮನೆಯಲ್ಲಿ ಉಳಿದುಕೊಂಡಿದ್ದ. ಬೀಟಲ್ಸ್‌ನ ಹೊಸ ಆಲ್ಬಮ್ ಮತ್ತೆ ಮತ್ತೆ ಕೇಳುತ್ತಿದ್ದ. ಅಲ್ಲೇ ಒಂದು ಹೊಸ ಹಾಡು ಶುರುವಾಯಿತು. ಅಷ್ಟರಲ್ಲಿ ಗಂಟಲಿನ ಆಪರೇಷನ್ ಆಯಿತು, ವಾರಗಟ್ಟಲೆ ಮಾತೇ ಆಡುವ ಹಾಗಿಲ್ಲ. ದನಿ ತಿರುಗಿ ಬಂದ ಮೇಲೆ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ ಬಿಡುವಿಲ್ಲದೆ ರೆಕಾರ್ಡಿಂಗ್. ಗಿಟಾರಿಸ್ಟ್ ಸ್ಟೀವ್ ಕ್ರಾಪರ್ ಜೊತೆ ಸೇರಿ ಆ ಹಾಡನ್ನೂ ಮುಗಿಸಿದ. 'ಡಾಕ್ ಆಫ್ ದ ಬೇ', ಕೊಲ್ಲಿಯ ದೋಣಿಕಟ್ಟೆ ಅಂತ ಅರ್ಥ.

ಡಿಸೆಂಬರ್ 10ರಂದು ಅವನ ಸಣ್ಣ ವಿಮಾನ ವಿಸ್ಕಾನ್ಸಿನ್‌ನ ಮನೋನಾ ಸರೋವರಕ್ಕೆ ಬಿತ್ತು. ಅವನಿಗೆ 26. ಜೊತೆಗೆ ನುಡಿಸುತ್ತಿದ್ದ ಬಾರ್-ಕೇಸ್ ತಂಡದ ನಾಲ್ವರೂ ಹೋದರು. ಒಬ್ಬನಿಗೂ ಇಪ್ಪತ್ತು ತುಂಬಿರಲಿಲ್ಲ. ಸೀಟಿನ ದಿಂಬನ್ನು ಅವುಚಿಕೊಂಡು ತೇಲಿದ ಟ್ರಂಪೆಟ್ ಹುಡುಗ ಬೆನ್ ಕಾಲಿ ಒಬ್ಬನೇ ಬದುಕಿದ್ದು. ಆ ನಾಲ್ವರ ಹೆಸರು ಯಾರ ಟೀ ಶರ್ಟ್ ಮೇಲೂ ಇಲ್ಲ.

ಆ ಹಾಡನ್ನು ನಾನು ಮಕ್ಕಳಿಗೆ ಕಲಿಸುತ್ತೇನೆ. ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗಳು: ಜಿ, ಬಿ ಸೆವೆನ್, ಸಿ, ಎ. ಬಿ ಸೆವೆನ್ ಬಂದಾಗ ಎಲ್ಲರ ಬೆರಳೂ ತಡವರಿಸುತ್ತದೆ, ಕಿವಿಗೂ ಅಲ್ಲೊಂದು ತಿರುವು ಸಿಗುತ್ತದೆ. ಕೂಗಿ ಹಾಡುತ್ತಿದ್ದವನು ಇಲ್ಲಿ ಕೂಗುವುದೇ ಇಲ್ಲ. ಕಟ್ಟೆ ಮೇಲೆ ಕೂತು ಪಕ್ಕದವನ ಹತ್ತಿರ ಮಾತಾಡಿದ ಹಾಗಿದೆ. ಕೊನೆಗೆ ಮಾತೂ ನಿಂತು ಒಂದು ಸಿಳ್ಳೆ ಶುರುವಾಗುತ್ತದೆ. ಗತ್ತಿನ ಸಿಳ್ಳೆಯಲ್ಲ. ತೋಟದ ಕೆಲಸ ಮುಗಿಸಿ ಮನೆಗೆ ಹೋಗುವವನು ತನ್ನ ಪಾಡಿಗೆ ಹಾಕುವಂಥದ್ದು. ಹಾಡಿನಲ್ಲಿ ಕೇಳುವ ಅಲೆಯ ಸದ್ದನ್ನು ಕ್ರಾಪರ್ ಸೇರಿಸಿದ್ದು ಓಟಿಸ್ ಸತ್ತ ಮೇಲೆ. 1968ರ ಜನವರಿಯಲ್ಲಿ ಹಾಡು ಹೊರಬಂತು. ಹಾಡಿದವನು ಸತ್ತ ಮೇಲೆ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಏರಿದ ಮೊದಲ ಹಾಡು ಅದು.

ನನ್ನ ಅಳತೆ ಇಷ್ಟೇ. ಕೊನೆಯ ರೆಕಾರ್ಡಿಂಗ್ ಕೇಳಿ. ಅದು ಇನ್ನೇನೋ ಶುರುವಾದ ಹಾಗೆ ಕೇಳಿಸಿದರೆ, ನಷ್ಟ ದೊಡ್ಡದು. ಓಟಿಸ್ ಆಗಷ್ಟೇ ಮೆಲ್ಲಗೆ ಹಾಡುವುದನ್ನು ಕಂಡುಕೊಂಡಿದ್ದ. ಅಲ್ಲಿಂದ ಎಲ್ಲಿಗೆ ಹೋಗುತ್ತಿದ್ದ ಅಂತ ಯೋಚಿಸಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜಾನಿಸ್ ಜಾಪ್ಲಿನ್ ಕೂಡ ಈ ಅಳತೆಗೆ ಬರುತ್ತಾಳೆ. ಅವಳ ಕೊನೆಯ ಆಲ್ಬಮ್ 'ಪರ್ಲ್'ನಲ್ಲಿ ಒಂದು ಹಾಡಿಗೆ ವಾದ್ಯಗಳಷ್ಟೇ ಇವೆ. ತಂಡದವರು ನುಡಿಸಿಟ್ಟಿದ್ದರು, ಅವಳು ಬಂದು ಹಾಡಬೇಕಿತ್ತು. 1970ರ ಅಕ್ಟೋಬರ್ 4ರಂದು ಅವಳೇ ಇಲ್ಲವಾದಳು. ದನಿಯಿಲ್ಲದೆಯೇ ಆಲ್ಬಮ್‌ಗೆ ಹಾಕಿದರು. ಅದನ್ನು ಒಮ್ಮೆ ಪೂರ್ತಿ ಕೇಳಿ.

"ನಮ್ಮಲ್ಲಿ ಯಾರು ಸರ್?" ಅಂತ ಮುಂದಿನ ಪ್ರಶ್ನೆ. ಪುನೀತ್ ಹೆಸರು ಮೊದಲು ಬರುತ್ತದೆ. 2021ರ ಆ ವಾರ ಪೇಟೆಯಲ್ಲಿ ಎಲ್ಲಿ ಹೋದರೂ ಅವರು ಮಗುವಾಗಿದ್ದಾಗ ಹಾಡಿದ 'ಬಾನ ದಾರಿಯಲ್ಲಿ' ಕೇಳುತ್ತಿತ್ತು. ಆದರೆ ಹಾಡುವುದನ್ನೇ ಬದುಕು ಮಾಡಿಕೊಂಡವರಲ್ಲಿ ನಾನು ಹೇಳುವುದು ಯಕ್ಷಗಾನದ ಕಾಳಿಂಗ ನಾವಡರ ಹೆಸರು. 1958ರಲ್ಲಿ ಹುಟ್ಟಿದವರು, 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಕರಾವಳಿಯಿಂದ ಘಟ್ಟ ಹತ್ತಿ ಬಂದು ನೆಲೆಸಿದ ಮನೆಗಳಲ್ಲಿ ಅವರ ಕ್ಯಾಸೆಟ್ ಸವೆಯುವಷ್ಟು ಕೇಳುತ್ತಿದ್ದರು. ಪಾಪ್ ಹಾಡುಗಾರ ಇಪ್ಪತ್ತೈದಕ್ಕೇ ಮೇಲೇರುತ್ತಾನೆ ಅಂತಾರೆ. ಭಾಗವತಿಕೆ ಹಾಗಲ್ಲ, ಅಲ್ವಾ? ರಾತ್ರಿಯಿಡೀ ಪ್ರಸಂಗ ನಡೆಸಬೇಕು, ವೇಷಧಾರಿಯ ಉಸಿರು ನೋಡಿ ಪದ ಎತ್ತಬೇಕು. ಅದು ಮಾಗುವುದು ಐವತ್ತರ ಮೇಲೆ. ನಾವಡರು ಮೂವತ್ತಕ್ಕೇ ಎಳೆಯ ಭಾಗವತರೆಲ್ಲ ಅನುಕರಿಸುವಂತೆ ಹಾಡಿದರು. ಮಾಗಿದ ನಾವಡರು ಹೇಗಿರುತ್ತಿದ್ದರು? ಯಾವ ಕ್ಯಾಸೆಟ್‌ನಲ್ಲೂ ಅದು ಇಲ್ಲ.

ಇನ್ನೊಬ್ಬನಿದ್ದಾನೆ. ಮಕ್ಕಳಿಗೆ ಅವನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಕೆಲವರು ಅವನನ್ನು ಬಲ್ಲವರೇ. ಗಿಟಾರ್ ಕಲಿಯಲು ಬರುತ್ತಿದ್ದ. ದುಡಿ, ನಮ್ಮ ಪುಟ್ಟ ಕೈವಾದ್ಯ, ಹಿಡಿದರೆ ಮಾತ್ರ ಬೇರೆಯೇ ಹುಡುಗ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಊರಿನವರ ಜೊತೆ ಮನೆಮನೆಗೆ ಹೋಗಿ ಹಾಡುತ್ತಿದ್ದ. ಆ ಹಾಡಿಗೆ ನಾಲ್ಕು ಜನ ಬೇಕು. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ಇವನು ತಿರುಗಿ ಹಾಡುವ ಜೋಡಿಯಲ್ಲಿದ್ದ. ಅಜ್ಜಂದಿರ ಬಾಯಿಂದ ಸಾಲು ಸಾಲಾಗಿ ಕಲಿತಿದ್ದ. 19ನೇ ವಯಸ್ಸಿಗೆ ಮಾಕುಟ್ಟ ಘಾಟಿಯಲ್ಲಿ ಬೈಕ್ ಜಾರಿತು. ಆ ವರ್ಷ ಪುತ್ತರಿಗೆ ಅವನ ಜಾಗದಲ್ಲಿ ಎಪ್ಪತ್ತು ದಾಟಿದವರೊಬ್ಬರು ಕೋಲು ಊರಿಕೊಂಡು ಬಂದು ನಿಂತರು. ಬೇರೆ ಹುಡುಗರಿಗೆ ಸಾಲು ಬರುತ್ತಿರಲಿಲ್ಲ.

ನನ್ನ ಫೋನಿನಲ್ಲಿ ಅವನದು 40 ಸೆಕೆಂಡಿನ ವಿಡಿಯೊ ಇದೆ. ಎದುರಿನ ಇಬ್ಬರು ಒಂದು ಸಾಲು ಹಾಡುತ್ತಾರೆ, ಇವನೂ ಜೊತೆಗಾರನೂ ಎತ್ತಿಕೊಳ್ಳುತ್ತಾರೆ. ಮತ್ತೊಂದು ಸಾಲು, ಮತ್ತೆ ಇವರು. ಮೂರನೇ ಸಾಲನ್ನು ಎದುರಿನವರು ಹಾಡಿ ಮುಗಿಸುತ್ತಾರೆ, ಇವನು ದುಡಿಯನ್ನು ಕೊಂಚ ಮೇಲೆತ್ತಿ ಬಾಯಿ ತೆರೆಯುತ್ತಾನೆ. ವಿಡಿಯೊ ಇರುವುದು ಅಲ್ಲಿವರೆಗೆ.