ಹೊಸ ಕ್ಯಾಮೆರಾ, ಸುಟ್ಟ ಮೋಟಾರ್, ಓದಲಾಗದ ನಂಬರ್

ವಿಮೆ ಕ್ಲೇಮಿಗಾಗಿ ಬೆಂಕಿ ಬಿದ್ದ ಕಾರ್ಖಾನೆಯ ಸರ್ವೆಗೆ ಹೋದರೆ ನೂರಾರು ಫೋಟೋ ತೆಗೆಯುತ್ತೇವೆ. ಆದರೆ ಕೊನೆಗೆ ಜಗಳ ಬರುವುದು ಅಂಗೈ ಅಗಲದ ನೇಮ್‌ಪ್ಲೇಟಿನ ಫೋಟೋ ಮೇಲೆ. ಮೋಟಾರಿನ ಸೀರಿಯಲ್ ನಂಬರ್ ಅದರಲ್ಲೇ ಇರುತ್ತದೆ. ಕಾರ್ಖಾನೆಯ ಯಂತ್ರಗಳ ಪಟ್ಟಿಯಾದ ಅಸೆಟ್ ರಿಜಿಸ್ಟರ್ ಜೊತೆ ಅದು ಹೊಂದಿದರೆ ಕ್ಲೇಮ್ ಮುಂದೆ ಹೋಗುತ್ತದೆ. ಒಂದು ಅಂಕಿ ಮಸುಕಾದರೂ ಪತ್ರದ ಮೇಲೆ ಪತ್ರ. ಇದು ಸೈಟಿಗೆ ಹೋಗುವ ಎಲ್ಲರಿಗೂ ಗೊತ್ತು. ಕ್ಯಾಮೆರಾ ಆರಿಸುವಾಗ ಮಾತ್ರ ನಮ್ಮನ್ನು ಯಾರೂ ಕೇಳಲಿಲ್ಲ.

ಹೊಸ ಕ್ಯಾಮೆರಾ ಬೇಕಿತ್ತು, ಅದು ನಿಜ. ಸುಟ್ಟ ಶೆಡ್ಡಿನಲ್ಲಿ ಕರೆಂಟ್ ಕಡಿದಿರುತ್ತಾರೆ. ಸುತ್ತಲೂ ಮಸಿ, ಬೆಳಕೇ ಇರುವುದಿಲ್ಲ. ಹಳೆ ಕಾಂಪ್ಯಾಕ್ಟ್‌ಗಳ ಬೆಳಕು ಹಿಡಿಯುವ ಸೆನ್ಸರ್ ಹೆಸರಿಗೆ 1/2.3 ಇಂಚಿನದು. ಅಳತೆ ಮಾಡಿದರೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ ಅಷ್ಟೇ. ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಸ್ವಲ್ಪ ಏರಿಸಿದರೂ ಫೋಟೋ ತುಂಬ ಕಾಳುಕಾಳು. 2012ರಲ್ಲಿ ಸೋನಿ ಆರ್‌ಎಕ್ಸ್100 ಬಂದ ಮೇಲೆ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾದಲ್ಲೂ ಹೆಸರಿಗೆ 1 ಇಂಚಿನ ಸೆನ್ಸರ್ ಸಿಗತೊಡಗಿತು. ಅದು 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. ವಿಸ್ತೀರ್ಣ ಹಳೆಯದರ ನಾಲ್ಕು ಪಟ್ಟು. ನಮಗೆ ಕೊಟ್ಟದ್ದೂ ಅದೇ ಅಳತೆಯ ಸೆನ್ಸರಿನ, ಬೇರೆ ಕಂಪನಿಯ ಕ್ಯಾಮೆರಾ. 20 ಮೆಗಾಪಿಕ್ಸೆಲ್, ಹೆಚ್ಚು ಬೆಳಕು ಬಿಡುವ ಎಫ್/1.8 ಲೆನ್ಸ್. ಡಬ್ಬಿ ಬಿಚ್ಚಿದ ದಿನವೇ ಹಳೆಯದನ್ನೆಲ್ಲ ಸ್ಟೋರ್‌ನವರು ವಾಪಸ್ ತೆಗೆದುಕೊಂಡರು. ನನಗೆ ಇವತ್ತಿಗೂ ಸಿಟ್ಟು ಇರುವುದು ಈ ಅವಸರದ ಮೇಲೆ.

ಮೊದಲ ಸೈಟ್ ಒಂದು ಪಂಪ್ ಹೌಸ್. ಸಾಲ್ವೇಜ್, ಅಂದರೆ ಸುಟ್ಟು ಉಳಿದ ಸಾಮಾನು ಎತ್ತುವ ಲಾರಿ ಆಗಲೇ ಗೇಟಿನಲ್ಲಿ ನಿಂತಿತ್ತು. ಪ್ಲಾಂಟ್ ಮ್ಯಾನೇಜರ್ ಬಾಗಿಲಲ್ಲೇ ಇದ್ದರು. ಬಟ್ಟೆಯಿಂದ ಮಸಿ ಒರೆಸಿ, ಯಾವಾಗಿನಂತೆ ಅರ್ಧ ಜೂಮ್ ಮಾಡಿ ನೇಮ್‌ಪ್ಲೇಟಿನ ಹತ್ತಿರ ಹಿಡಿದೆ. ಲೆನ್ಸ್ ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಫೋಕಸ್ ಸಿಕ್ಕಿತೆಂದು ತೋರಿಸುವ ಹಸಿರು ಚೌಕ ಬರಲೇ ಇಲ್ಲ. ಹಿಂದೆ ಸರಿದರೆ ಫೋಕಸ್ ಸಿಕ್ಕಿತು, ಆದರೆ ಪ್ಲೇಟ್ ಚಿಕ್ಕದಾಯಿತು. ಪೂರ್ತಿ ವೈಡ್‌ಗೆ ತಂದು ಮೂಗು ತಾಗುವಷ್ಟು ಹತ್ತಿರ ಹೋದರೆ ಕ್ಯಾಮೆರಾದ್ದೇ ನೆರಳು ಅಕ್ಷರಗಳ ಮೇಲೆ ಬಿತ್ತು. ಫ್ಲಾಶ್ ಹಾಕಿದೆ. ಸ್ಟೀಲಿನ ಮೇಲೆ ಬೆಳ್ಳಗೆ ಒಂದು ಮಚ್ಚೆ, ನಂಬರೇ ಇಲ್ಲ.

"ಸರ್, ಇನ್ನೆಷ್ಟು ಹೊತ್ತು? ಲಾರಿಯವರು ಕೂಗಾಡ್ತಿದ್ದಾರೆ" ಎಂದರು ಮ್ಯಾನೇಜರ್.

ಕೊನೆಗೆ ಒಂದು ಫೋಟೋ ಚೆನ್ನಾಗಿ ಬಂದ ಹಾಗೆ ಕಂಡಿತು. 3 ಇಂಚಿನ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ. ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಮೊದಲ ನಾಲ್ಕು ಅಂಕಿ ಸ್ಪಷ್ಟ, ಕೊನೆಯವು ಕರಗಿದ ಹಾಗೆ. 3 ಯಾವುದು, 8 ಯಾವುದು ಹೇಳಲಾಗದು. ಆ ಮೋಟಾರ್ ಒಮ್ಮೆ ಲಾರಿ ಹತ್ತಿದರೆ ಮತ್ತೆ ಸಿಗುವುದಿಲ್ಲ. ಬೆನ್ನಲ್ಲಿ ಬೆವರು ಇಳಿಯಿತು.

ಕಾರಣ ಸರಳ. ಸೆನ್ಸರ್ ದೊಡ್ಡದಾದರೆ ಅದೇ ದೃಶ್ಯ ತುಂಬಿಸಲು ಲೆನ್ಸಿನ ನಿಜವಾದ ಫೋಕಲ್ ಲೆಂತ್ (ನಾಭಿದೂರ) ಜಾಸ್ತಿ ಬೇಕು. ಆಗ ಸ್ಪಷ್ಟವಾಗಿ ಬರುವ ಆಳ ಕಡಿಮೆಯಾಗುತ್ತದೆ. ಕತ್ತಲಲ್ಲಿ ಆಟೋ ಮೋಡ್ ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ಪೂರ್ತಿ ತೆರೆಯುತ್ತದೆ, ಆಳ ಇನ್ನೂ ಕಡಿಮೆ. ಪ್ಲೇಟಿಗೆ ಸ್ವಲ್ಪ ಓರೆಯಾಗಿ ನಿಂತರೂ ಸಾಕು, ಒಂದು ಕೊನೆ ಹೋಯಿತು. ಹಳೆಯ ಚಿಕ್ಕ ಸೆನ್ಸರ್ ಹೇಗೆ ಹಿಡಿದರೂ ಇಡೀ ಪ್ಲೇಟನ್ನು ಸ್ಪಷ್ಟವಾಗಿ ಕೊಡುತ್ತಿತ್ತು. ಹತ್ತಿರದ ವಸ್ತು ತೆಗೆಯುವ ಮ್ಯಾಕ್ರೋ ಮೋಡಿನಲ್ಲಿ 1 ಸೆಂ.ಮೀ. ದೂರಕ್ಕೂ ಹೋಗುತ್ತಿತ್ತು. ಹೊಸದು ವೈಡ್‌ನಲ್ಲಿ 5 ಸೆಂ.ಮೀ.ವರೆಗೆ ಹೋಗುತ್ತದೆ. ಪೂರ್ತಿ ಜೂಮ್ ಮಾಡಿದರೆ ಅರ್ಧ ಮೀಟರ್ ದೂರ ನಿಲ್ಲಬೇಕು. ಇದು ಸ್ಪೆಸಿಫಿಕೇಶನ್ ಪಟ್ಟಿಯಲ್ಲೇ ಬರೆದಿತ್ತು, ಕೆಳಗಿನ ಸಾಲಿನಲ್ಲಿ. ಮೆಗಾಪಿಕ್ಸೆಲ್ ಮೇಲಿನ ಸಾಲಿನಲ್ಲಿತ್ತು.

ಆಮೇಲೆ ಮಾಡಿದ್ದು ಹೀಗೆ. ಬಿದ್ದಿದ್ದ ಇಟ್ಟಿಗೆಗಳನ್ನು ಜೋಡಿಸಿ ಕ್ಯಾಮೆರಾವನ್ನು ಪ್ಲೇಟಿಗೆ ನೇರವಾಗಿ, ಅರ್ಧ ಮೀಟರಿಗಿಂತ ಸ್ವಲ್ಪ ದೂರದಲ್ಲಿ ಕೂರಿಸಿದೆ. ಪೂರ್ತಿ ಜೂಮ್, ಆಟೋ ಬಿಟ್ಟು ಅಪರ್ಚರ್ ಮೋಡ್, ಆಳ ಹೆಚ್ಚಲೆಂದು ಕಿಂಡಿ ಕಿರಿದು ಮಾಡಿ ಎಫ್/5.6, 2 ಸೆಕೆಂಡ್ ಟೈಮರ್. ಜೊತೆಗಿದ್ದ ಹುಡುಗನಿಗೆ ಟಾರ್ಚನ್ನು ಪಕ್ಕದಿಂದ, ಪ್ಲೇಟಿಗೆ ಒರಗಿಸಿದ ಹಾಗೆ ಹಿಡಿಯಲು ಹೇಳಿದೆ. ಒತ್ತಿ ಕೆತ್ತಿದ ಅಂಕಿಗಳಿಗೆ ಪಕ್ಕದ ಬೆಳಕೇ ಸರಿ. ಪ್ರತಿ ಅಂಕಿಗೂ ನೆರಳಿನ ಅಂಚು ಬರುತ್ತದೆ. ಪ್ಲೇಟ್ ಫ್ರೇಮಿನ ಅರ್ಧದಷ್ಟೇ ಇತ್ತು. ಆದರೆ 20 ಮೆಗಾಪಿಕ್ಸೆಲ್ ಇದ್ದುದರಿಂದ ಕತ್ತರಿಸಿದರೂ ನಂಬರ್ ಅಚ್ಚೊತ್ತಿದ ಹಾಗೆ ಬಂತು. ಹುಡುಗ ಪರದೆ ನೋಡಿ "ಸರ್, 8, ಖಂಡಿತ 8" ಎಂದ. ಲಾರಿ ಒಳಗೆ ಬರಲಿ ಎಂದೆ.

ಇಷ್ಟಕ್ಕೇ ಮುಗಿಯಲಿಲ್ಲ. ಆಫೀಸಿನಲ್ಲಿ ಫೈಲ್ ತೆರೆದರೆ ಎಲ್ಲ ಫೋಟೋಗಳ ದಿನಾಂಕ ಜನವರಿ 1, ಅದೂ ಬೆಂಕಿ ಬೀಳುವುದಕ್ಕಿಂತ ಮೊದಲಿನ ವರ್ಷದ್ದು. ಬ್ಯಾಟರಿ ತೆಗೆದು ಬಹಳ ದಿನ ಇಟ್ಟರೆ ಗಡಿಯಾರವನ್ನು ನಡೆಸುವ ಒಳಗಿನ ಪುಟ್ಟ ಸೆಲ್ ಖಾಲಿಯಾಗಿ ದಿನಾಂಕ ಮೊದಲಿಗೆ ಹೋಗುತ್ತದೆ. ಸ್ಟೋರ್‌ನಲ್ಲಿ ಬ್ಯಾಟರಿ ಹಾಕಿದವರು ದಿನಾಂಕ ಕೇಳಿದಾಗ ಸುಮ್ನೆ ಓಕೆ ಒತ್ತಿದ್ದರು. ಸ್ಪಾಟಿಗೆ ಹೋದ ಕೂಡಲೇ ಮೊದಲ ಫೋಟೋ ಫೋನಿನ ಗಡಿಯಾರದ್ದು ತೆಗೆಯುವ ರೂಢಿ ನಮ್ಮಲ್ಲಿದೆ. ಅದೊಂದೇ ಉಳಿಸಿತು. ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕಿ ರಿಪೋರ್ಟಿನಲ್ಲಿ ಬರೆದೆವು. ಫೈಲುಗಳನ್ನು ಮುಟ್ಟಲಿಲ್ಲ. ದಿನಾಂಕ ತಿದ್ದಿದ ಫೋಟೋಗಿಂತ ತಪ್ಪು ದಿನಾಂಕದ ಫೋಟೋವನ್ನು ಸಮರ್ಥಿಸುವುದು ಸುಲಭ.

ಮೆಮೊರಿ ಕಾರ್ಡಿನ ಕಥೆ ಬೇರೆ. 64 ಜಿಬಿ ಎಸ್‌ಡಿಎಕ್ಸ್‌ಸಿ ಕಾರ್ಡ್ ಕೊಟ್ಟು, ಓದಲು 32 ಜಿಬಿಗೆ ನಿಲ್ಲುವ ಹಳೆ ರೀಡರನ್ನೇ ಉಳಿಸಿದ್ದರು. ಕೇಬಲ್ ಹುಡುಕಿ ಫೋಟೋ ಇಳಿಸುವ ಹೊತ್ತಿಗೆ ಸಂಜೆಯಾಗಿತ್ತು.

ಈಗ ಆ ಕ್ಯಾಮೆರಾ ನನಗೆ ಇಷ್ಟ. ಕತ್ತಲ ಶೆಡ್ಡಿನ ಫೋಟೋಗಳು ಹಳೆಯದರಲ್ಲಿ ಈ ಜನ್ಮದಲ್ಲಿ ಬರುತ್ತಿರಲಿಲ್ಲ. ಹೊಸಬರಿಗೆ ನಾನು ಮೊದಲು ಹೇಳುವುದು, ಆಫೀಸಿನ ಎಸಿ ಯಂತ್ರದ ನೇಮ್‌ಪ್ಲೇಟನ್ನು ದೀಪ ಆರಿಸಿ ತೆಗೆದು ತೋರಿಸು ಎಂದು. ಅದು ಓದುವ ಹಾಗೆ ಬರುವವರೆಗೆ ಸೈಟಿಗೆ ಕಳಿಸುವುದಿಲ್ಲ. ಕ್ಲೋಸಪ್‌ಗೆಂದು ಎರಡು ಹಳೆ ಕ್ಯಾಮೆರಾಗಳನ್ನು ವಾಪಸ್ ಕೊಡಿ ಎಂದು ಸ್ಟೋರ್‌ಗೆ ಬರೆದಿದ್ದೇನೆ. ಲೆಕ್ಕದಿಂದ ತೆಗೆದಾಗಿದೆ, ಕೊಡಲು ಬರುವುದಿಲ್ಲ ಎನ್ನುತ್ತಿದ್ದಾರೆ. ಅವು ಇನ್ನೂ ಅಲ್ಲೇ ಕಪಾಟಿನಲ್ಲಿವೆ. ನಾನೂ ಬಿಡುವುದಿಲ್ಲ.