ಕೊನೆಯ ಬೆಂಚಿಗೆ ಕೇಳುವ ಮಾತು

1970ರ ದಶಕದ ಕೊನೆಯಲ್ಲಿ ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, ನಮ್ಮ ಇಂಗ್ಲಿಷ್ ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ಶೇಕ್ಸ್‌ಪಿಯರನ ಪಾಠ ಮಾಡಿದ್ದನ್ನು ಒಮ್ಮೆಯೂ ಕಾಣಲಿಲ್ಲ. ಮೇಜನ್ನು ಗೋಡೆಗೆ ಸರಿಸಿ, ನಮ್ಮಲ್ಲಿ ಇಬ್ಬರನ್ನು ಎಬ್ಬಿಸಿ ನಿಲ್ಲಿಸಿ, ಮಾತು ಕೊನೆಯ ಬೆಂಚಿಗೆ ಕೇಳುವವರೆಗೆ ಅದೇ ಸಾಲನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದರು. ತಾವು ಹುಡುಗರಾಗಿದ್ದಾಗ ಶಾಲೆಯ ಸಭಾಂಗಣದಲ್ಲಿ ಇಂಗ್ಲಿಷ್ ನಟ ಜೆಫ್ರಿ ಕೆಂಡಲ್ ಅವರ ‘ಶೇಕ್ಸ್‌ಪಿಯರಾನಾ’ ಕಂಪನಿಯ ನಾಟಕ ನೋಡಿದ್ದರಿಂದ ಬಂದ ಪಾಠವಿದು ಎಂದು ಅವರು ಹೇಳುತ್ತಿದ್ದರು. ನಮ್ಮ ವೃತ್ತಿ ನಾಟಕ ಮಂಡಳಿಗಳಂತೆ ಅದೂ ಊರೂರು ಅಲೆಯುವ ಸಂಸಾರವಾಗಿತ್ತು. ತಂದೆ, ತಾಯಿ ಲಾರಾ, ಹಿರಿಯ ಮಗಳು ಜೆನಿಫರ್, ಎಲ್ಲರೂ ಬಣ್ಣ ಹಚ್ಚುವವರೇ.

ಆ ಮನೆಯ ಕಿರಿಯ ಮಗಳು, ನಟಿ ಫೆಲಿಸಿಟಿ ಕೆಂಡಲ್ 1946ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ರಂಗದ ಮೇಲೆ ಬಂದವರು. ಭಾರತದ ಹಲವು ಕಾನ್ವೆಂಟುಗಳಲ್ಲಿ ಓದು, ಸಂಜೆ ನಾಟಕ, ಮರುದಿನ ಮುಂದಿನ ಊರು: ಹೀಗೆ ಬೆಳೆದ ಅವರು, ತಮ್ಮ ಮನೆತನದ ಬದುಕನ್ನೇ ಆಧರಿಸಿದ ‘ಶೇಕ್ಸ್‌ಪಿಯರ್ ವಾಲಾ’ (1965) ಚಿತ್ರದಲ್ಲಿ ಸ್ವಂತ ಭಾವ ಶಶಿ ಕಪೂರ್ ಅವರಿಗೆ ಜೋಡಿಯಾದರು. ಬಳಿಕ ಲಂಡನ್ ಸೇರಿದರು.

ಕೆಲಸದ ಮೇಲೆ ನಾನೂ ಆ ದೇಶಕ್ಕೆ ಹೋದೆ. ಅಲ್ಲಿ ಬಿಬಿಸಿಯ ‘ದಿ ಗುಡ್ ಲೈಫ್’ (1975–78) ಧಾರಾವಾಹಿಯ ಮರುಪ್ರಸಾರದಲ್ಲಿ ಅವರನ್ನು ಮೊದಲು ಕಂಡೆ. ಗಂಡ ನೌಕರಿ ಬಿಟ್ಟ ಮೇಲೆ, ಲಂಡನ್ನಿನ ಅಂಚಿನ ಸರ್ಬಿಟನ್ ಬಡಾವಣೆಯಲ್ಲಿ, ಮನೆಯ ಅಂಗಳವನ್ನೇ ಅಗೆದು ತರಕಾರಿ ಬೆಳೆದು, ಹಂದಿ, ಕೋಳಿ, ಮೇಕೆ ಸಾಕುವ ಬಾರ್ಬರಾಳ ಪಾತ್ರ ಅವರದು. ಕೆಸರು ಮೆತ್ತಿದ ಗಂಬೂಟು, ಹಳೆಯ ಸ್ವೆಟರು ತೊಟ್ಟ ಆಕೆಯ ಮಾತು, ಗುಟ್ಟು ಹೇಳುವಷ್ಟು ಮೆತ್ತಗಿದ್ದಾಗಲೂ ಒಂದಕ್ಷರ ಜಾರುತ್ತಿರಲಿಲ್ಲ. ಅದನ್ನು ಶಾಲೆಗಳ ಸಭಾಂಗಣಗಳಲ್ಲಿ ಆಡಿ ಪಳಗಿದ ನಾಲಿಗೆಯೆಂದೇ ನಾನು ಇಂದಿಗೂ ನಂಬಿದ್ದೇನೆ. ಮುಂದೆ ‘ಸೋಲೋ’, ‘ದಿ ಮಿಸ್ಟ್ರೆಸ್’, ‘ರೋಸ್‌ಮೆರಿ ಅಂಡ್ ಥೈಮ್’ ಮೊದಲಾದ ಧಾರಾವಾಹಿಗಳೂ ಬಂದವು. ನನ್ನ ಮನಸ್ಸು ಮಾತ್ರ ಬಾರ್ಬರಾಳ ಬಳಿಯೇ ನಿಂತಿತು.

1995ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಟಾಮ್ ಸ್ಟಾಪರ್ಡ್ ಅವರ ‘ಇಂಡಿಯನ್ ಇಂಕ್’ ನಾಟಕ ನೋಡಿದೆ. 1930ರಲ್ಲಿ ಭಾರತದ ಒಂದು ಸಂಸ್ಥಾನಕ್ಕೆ ಬರುವ ಇಂಗ್ಲಿಷ್ ಕವಯಿತ್ರಿಯಾಗಿ ಫೆಲಿಸಿಟಿ. ಆಕೆಯ ಚಿತ್ರ ಬರೆಯುತ್ತ ರಸವೆಂದರೇನು, ಶೃಂಗಾರದ ಬಣ್ಣ ಶ್ಯಾಮವೇಕೆ ಎಂದು ವಿವರಿಸುವ ಕಲಾವಿದನಾಗಿ ಆರ್ಟ್ ಮಲಿಕ್. ನಾನು ಕುಳಿತದ್ದು ಅಗ್ಗದ ಟಿಕೆಟ್ಟಿನ ಮೇಲಂತಸ್ತಿನಲ್ಲಿ, ಕೊನೆಯ ಸಾಲಿನಲ್ಲಿ. ಆಕೆಯ ಪ್ರತಿಯೊಂದು ಮಾತೂ ಅಲ್ಲಿಗೆ ಮುಟ್ಟಿತು.

ರಜೆಯಲ್ಲಿ ಊರಿಗೆ ಬಂದಾಗ ಆ ನಾಟಕದ ಪುಸ್ತಕವನ್ನು ಮೇಷ್ಟ್ರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಅರ್ಪಣೆಯ ಪುಟ ತೆರೆದರು. ಅದು ಲಾರಾ ಕೆಂಡಲ್ ಅವರ ನೆನಪಿಗೆ. ಬಹಳ ಹೊತ್ತು ಆ ಹೆಸರನ್ನೇ ನೋಡುತ್ತಿದ್ದು, ಬಳಿಕ ನನ್ನನ್ನು ಹಜಾರದ ಆ ತುದಿಗೆ ಕಳುಹಿಸಿ, “ರಸದ ಭಾಗ ಓದಪ್ಪ, ನನಗೆ ಇಲ್ಲಿಗೆ ಕೇಳಬೇಕು” ಎಂದರು.